ಹದಿಮೂರು ನಂಬರಿನ ಕಡ್ಡಿ

ಮಹದೇವು ಅರ್ಧ ಕೂಲಿ, ಅರ್ಧ ಗುಮಾಸ್ತ. ಇಲವಾಲದಾಚೆ, ಹುಣಸೂರು ರಸ್ತೆಯ ಮಗ್ಗುಲಲ್ಲಿದ್ದ ಒಂದು ಖಾಸಗಿ ನರ್ಸರಿಯಲ್ಲಿ ಅವನಿಗೆ ಕೆಲಸ. ರೇಷ್ಮೆಹುಳು ಸಾಕುವ ರೈತರಿಗೆ ಹಿಪ್ಪುನೇರಳೆ ಸಸಿ ಬೆಳೆಸಿ ಮಾರುವ ನರ್ಸರಿ ಅದು. ಬೆಳಿಗ್ಗೆ ಹನ್ನೊಂದರವರೆಗೆ ಎಲ್ಲರ ಜೊತೆ ಪಂಚೆ ಎತ್ತಿ ಕಟ್ಟಿ ಸಸಿಮಡಿಯಲ್ಲಿ ಕಡ್ಡಿ ನೆಡುವುದು. ಆಮೇಲೆ ಕೈಕಾಲು ತೊಳೆದು, ಪ್ಯಾಂಟು ಏರಿಸಿ, ಷೆಡ್ಡಿನ ಮೇಜಿನ ಮುಂದೆ ಕೂತು ರಿಜಿಸ್ಟರ್ ಬರೆಯುವುದು. ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕೆ ಪಾಸು ಮಾಡಿದ್ದಕ್ಕೆ ಸಿಕ್ಕ ಬಡ್ತಿ ಅದು. ಕೂಲಿ ಮಾತ್ರ ಪಂಚೆಗೂ ಪ್ಯಾಂಟಿಗೂ ಒಂದೇ. "ಪ್ಯಾಂಟು ಹಾಕಿದ್ರೆ ನನ್ನ ಅಕ್ಷರ ದುಂಡಗಾಗ್ತದೆ, ಅಷ್ಟೇ ಲಾಭ" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಬೇರೆಯವರು ನಗುವ ಮೊದಲೇ ತನ್ನನ್ನು ನೋಡಿ ತಾನೇ ನಕ್ಕುಬಿಟ್ಟರೆ ಅವರ ಪಾಲಿಗೆ ಏನೂ ಉಳಿಯುವುದಿಲ್ಲ ಎಂಬುದು ಅವನು ಚಿಕ್ಕಂದಿನಲ್ಲೇ ಕಂಡುಕೊಂಡ ಉಪಾಯ. ಇಪ್ಪತ್ತೊಂಬತ್ತು ವಯಸ್ಸಾಗುವವರೆಗೂ ಅದು ಅವನ ಕೈಬಿಟ್ಟಿರಲಿಲ್ಲ.

ಮನೆ ಚಾಮರಾಜಪುರಂನಲ್ಲಿ. ರುದ್ರಸ್ವಾಮಿ ಎನ್ನುವವರ ಮನೆಯ ಹಿಂಭಾಗದ ಎರಡು ಕೋಣೆ, ಒಂದು ಬಚ್ಚಲು. ಹಿತ್ತಲಲ್ಲಿ ಎರಡೂ ಮನೆಗೆ ಸೇರಿ ಒಂದು ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ಎಂಟು ಹೆಜ್ಜೆ ಉದ್ದದ ಮಣ್ಣು. ಆ ಎರಡು ಕೋಣೆಗಳಲ್ಲಿ ಮೂರು ಜನ: ಮಹದೇವು, ಅವನ ಅವ್ವ ಪುಟ್ಟಲಿಂಗಮ್ಮ, ಹೆಂಡತಿ ಪ್ರೇಮಲೀಲಾ. ಮದುವೆಯಾಗಿ ಎರಡು ವರ್ಷ ತುಂಬಿ ಮೂರನೆಯದಕ್ಕೆ ಬಿದ್ದಿತ್ತು. ಪ್ರೇಮ ಪಿಯುಸಿ ಓದಿದವಳು. ಹೆಣ್ಣು ಗಂಡಿಗಿಂತ ಹೆಚ್ಚು ಓದಿದ್ದಾಳೆ ಎಂದು ಮದುವೆಮನೆಯಲ್ಲಿ ಯಾರೋ ಪಿಸುಗುಟ್ಟುವುದಕ್ಕೆ ಮುಂಚೆ ಮಹದೇವುವೇ, "ಮನೇಲಿ ಒಬ್ರಾದ್ರೂ ಓದ್ಕೊಂಡೋರು ಇರ್ಲಿ ಅಂತ ತಗೊಂಡು ಹೋಗ್ತಿದೀನಿ" ಎಂದು ಸಾರಿ, ಊಟದ ಪಂಕ್ತಿಯನ್ನೆಲ್ಲ ನಗಿಸಿದ್ದ. ಪ್ರೇಮಳೂ ತಲೆ ತಗ್ಗಿಸಿಕೊಂಡೇ ನಕ್ಕಿದ್ದಳು. ಆ ನಗುವಿಗೇ ಅವನು ಮನಸೋತಿದ್ದು. ತಾಳಿ ಕಟ್ಟಿದ್ದು ಅದಕ್ಕೆ ಒಂದು ಗಂಟೆ ಮುಂಚೆ ಆಗಿತ್ತು, ಆ ಮಾತು ಬೇರೆ.

1998ರ ಮುಂಗಾರು ಶುರುವಾದಾಗ ಒಂದು ದಿನ ಪ್ರೇಮ ಅನ್ನ ಬಡಿಸುತ್ತಾ ಕೇಳಿದಳು.

"ರೀ, ಊರಿಗೆಲ್ಲ ಸಸಿ ಕೊಡ್ತೀರಿ. ನಮ್ಮ ಹಿತ್ತಲಿಗೆ ಒಂದು ತರೋಕಾಗಲ್ವಾ?"

"ಯಾತಕ್ಕೆ? ಹುಳ ಸಾಕ್ತೀಯಾ? ಈಗಾಗ್ಲೇ ನನ್ನ ಸಾಕ್ತಿದೀಯಲ್ಲ."

"ಹಣ್ಣಿಗೆ. ನಮ್ಮೂರ ಸ್ಕೂಲಿನ ಬೇಲೀಲಿ ಒಂದು ಮರ ಇತ್ತು. ತಿಂದು ತಿಂದು ಬಾಯಿ, ಲಂಗ, ಪುಸ್ತಕ ಎಲ್ಲ ನೇರಳೆ ಬಣ್ಣ. ಮೇಷ್ಟ್ರು ಸಾಲಾಗಿ ನಿಲ್ಸಿ, ನಾಲಿಗೆ ತೋರ್ಸಿ ಅನ್ನೋರು. ಮದ್ವೆ ಆದ್ಮೇಲೆ ಒಂದು ಹಣ್ಣು ಕಂಡಿಲ್ಲ ನಾನು. ಗಂಡ ನೋಡಿದ್ರೆ ಅದೇ ಗಿಡದ ನರ್ಸರೀಲಿ."

ಮಹದೇವು ತುತ್ತು ಕೈಯಲ್ಲಿ ಹಿಡಿದು ಯೋಚಿಸಿದ. ಆರು ವರ್ಷದಲ್ಲಿ ನರ್ಸರಿಯಲ್ಲಿ ಹಣ್ಣಿನ ಮಾತು ಅವನ ಕಿವಿಗೆ ಬಿದ್ದದ್ದು ಬೈಗುಳವಾಗಿ ಮಾತ್ರ. ಹುಳ ತಿನ್ನುವುದು ಎಲೆಯನ್ನು. ಹಣ್ಣು ಬಿಡುವ ಗಿಡ ಅಷ್ಟರಮಟ್ಟಿಗೆ ಎಲೆ ಕಡಿಮೆ ಬಿಡುತ್ತದೆ. ಅದು ಸೋಮಾರಿ ಗಿಡ, ದಂಡದ ಗಿಡ. ಆದರೂ ಹೆಂಡತಿ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಸೀರೆ ಕೇಳಿರಲಿಲ್ಲ, ಓಲೆ ಕೇಳಿರಲಿಲ್ಲ. ತನ್ನ ಕೈಯಲ್ಲಾಗುವುದನ್ನೇ ನೋಡಿ ಕೇಳಿದ್ದಾಳೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ. ಬದಲಿಗೆ ಹೆಮ್ಮೆಯಾಯಿತು.

ಮಾರನೆಯ ದಿನ ನರ್ಸರಿಯಲ್ಲಿ ಅವನು ನೇರವಾಗಿ ಹೋಗಿದ್ದು ಹದಿಮೂರನೇ ಮಡಿಗೆ. ಎರಡು ಜಾತಿ ಕೂಡಿಸಿ ಮಾಡಿದ ಹೊಸ ಹೈಬ್ರಿಡ್ ತಳಿ ಅಲ್ಲಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ಕೆಲಸದವರೆಲ್ಲ 'ಹದಿಮೂರು ನಂಬರು' ಎನ್ನುತ್ತಿದ್ದರು. ಎಲೆ ಅಂಗೈಗಿಂತ ದೊಡ್ಡದು, ದಪ್ಪ, ಎಣ್ಣೆ ಸವರಿದ ಹಾಗೆ ಮಿರುಗುತ್ತಿತ್ತು. ಬೇರೆ ಮಡಿಯ ಸಸಿ ಮೊಣಕಾಲಿಗೆ ಬರುವಷ್ಟರಲ್ಲಿ ಇದು ಸೊಂಟ ಮುಟ್ಟುತ್ತಿತ್ತು. ಹಣ್ಣಿನ ಗಿಡಕ್ಕೆ ಎಲೆ ಕಡಿಮೆ ಎಂಬ ಮಾತನ್ನು ಮರೆತು, ಎಲೆ ಇಷ್ಟು ಬಿಡುವ ಗಿಡ ಹಣ್ಣು ಇನ್ನೆಷ್ಟು ಬಿಟ್ಟೀತು ಎಂದು ಅವನು ಲೆಕ್ಕ ಹಾಕಿದ. ಮೇಸ್ತ್ರಿ ಮಂಟಯ್ಯ ಪಕ್ಕದ ಮಡಿಯಲ್ಲೇ ಬೀಡಿ ಸೇದುತ್ತಾ ಕೂತಿದ್ದ. ಮೂವತ್ತು ವರ್ಷ ಹಿಪ್ಪುನೇರಳೆಯಲ್ಲೇ ಕಳೆದ ಮನುಷ್ಯ. ಒಂದು ಮಾತು ಕೇಳಬಹುದಿತ್ತು. ಆದರೆ ಹೆಂಡತಿಗೆ ಕೊಡುವ ಗಿಡವನ್ನು ಇನ್ನೊಬ್ಬರನ್ನು ಕೇಳಿ ಆರಿಸುವುದೆಂದರೇನು? ಮಹದೇವು ಪೆನ್ಸಿಲ್ ದಪ್ಪದ ಮೂರು ಕಡ್ಡಿ ಆರಿಸಿ, ಒಂದೊಂದರಲ್ಲೂ ಚಿಗುರೊಡೆಯುವ ನಾಲ್ಕು ಕಣ್ಣು ಇರುವ ಹಾಗೆ ಓರೆಯಾಗಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಒಗೆಯುವ ಕಲ್ಲಿನ ಪಕ್ಕ ಮಣ್ಣು ಅಗೆದು, ಗೊಬ್ಬರ ಬೆರೆಸಿ, ಕಡ್ಡಿಗಳನ್ನು ವಾಲಿಸಿ ಚುಚ್ಚಿದರು. ಮೂರು ಕಣ್ಣು ಮಣ್ಣಿನೊಳಗೆ, ಒಂದು ಮೇಲೆ. ಪ್ರೇಮ ಕುಕ್ಕರುಗಾಲಲ್ಲಿ ಕೂತು ಮಣ್ಣು ಅದುಮಿದಳು.

"ಯಾವಾಗ ಬಿಡ್ತದೆ ಹಣ್ಣು?"

"ಮುಂದಿನ ಶಿವರಾತ್ರಿಗೆ ನಿನ್ನ ನಾಲಿಗೆ ನೇರಳೆ ಬಣ್ಣ ಆಗ್ದೆ ಇದ್ರೆ ನನ್ನ ಹೆಸ್ರು ಮಹದೇವು ಅಲ್ಲ."

"ಏನಂತ ಇಟ್ಕೋತೀರ ಮತ್ತೆ?"

"ಹದಿಮೂರು ನಂಬರು."

ಹತ್ತು ದಿನಕ್ಕೆ ಕಣ್ಣೊಡೆಯಿತು. ಪ್ರೇಮ ಅಕ್ಕಿ ತೊಳೆದ ನೀರನ್ನು ಚೆಲ್ಲುವುದನ್ನೇ ಬಿಟ್ಟಳು. ಒಲೆಯ ಬೂದಿ, ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಎಲ್ಲವೂ ಅದರ ಬುಡಕ್ಕೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಒಂದು ಸಲ ಹೋಗಿ ಎಷ್ಟು ಚಿಗುರಿದೆ ಎಂದು ಗೇಣು ಹಾಕಿ ನೋಡುತ್ತಿದ್ದಳು. ಪುಟ್ಟಲಿಂಗಮ್ಮ ಬಾಗಿಲಲ್ಲಿ ಕೂತು, "ಮಗೀಗೆ ಮಾಡೋ ಆರೈಕೆಯೆಲ್ಲ ಗಿಡುಕ್ಕೆ ಮಾಡ್ತಾವ್ಳೆ" ಎನ್ನುತ್ತಿದ್ದಳು. ಮೊದಮೊದಲು ಅದನ್ನು ನಗುತ್ತಲೇ ಹೇಳುತ್ತಿದ್ದಳು.

ಗಿಡ ತೊಡೆಯೆತ್ತರಕ್ಕೆ ಬರುವ ಹೊತ್ತಿಗೆ ಇನ್ನೂ ಮಕ್ಕಳಾಗಲಿಲ್ಲವೆಂದು ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋಗಿಬಂದರು. ಡಾಕ್ಟ್ರಮ್ಮ ಮೊದಲು ಪ್ರೇಮಳನ್ನು ನೋಡಿ, ಪರೀಕ್ಷೆಗಳನ್ನೆಲ್ಲ ಮಾಡಿಸಿ, ಏನೂ ತೊಂದರೆ ಕಾಣಿಸುತ್ತಿಲ್ಲ ಎಂದರು. ಆಮೇಲೆ ಒಂದು ಚೀಟಿ ಬರೆದು ಮಹದೇವುವಿನ ಕೈಗೆ ಕೊಟ್ಟರು. ದೇವರಾಜ ಮೊಹಲ್ಲಾದ ಒಂದು ಲ್ಯಾಬಿಗೆ ಅವನೊಬ್ಬನೇ ಹೋದ. ಕೈಗೆ ಪುಟ್ಟ ಡಬ್ಬಿ ಕೊಟ್ಟು ಒಂದು ಕೋಣೆ ತೋರಿಸಿದರು. ಕೋಣೆಯ ಗೋಡೆಯಲ್ಲಿ ದೇವರ ಕ್ಯಾಲೆಂಡರ್ ಇತ್ತು. ಮಹದೇವು ಮೊದಲು ಅದಕ್ಕೆ ಕೈಮುಗಿದ, ಆಮೇಲೆ ಅದನ್ನು ಹಿಂದುಮುಂದಾಗಿ ತಿರುಗಿಸಿ ನೇತುಹಾಕಿದ, ಹೊರಗೆ ಬರುವಾಗ ಮತ್ತೆ ಸರಿಯಾಗಿ ತಿರುಗಿಸಿದ. ಬದುಕಿನಲ್ಲಿ ತಾನು ಪಟ್ಟ ಅವಮಾನಗಳಲ್ಲೆಲ್ಲ ಇದೇ ದೊಡ್ಡದು ಎಂದು ಅವನು ಆಗ ಅಂದುಕೊಂಡ. ಅವನ ಅಂದಾಜುಗಳು ಯಾವತ್ತೂ ಹೀಗೆಯೇ ತಪ್ಪುತ್ತಿದ್ದವು.

ಶನಿವಾರ ಸಂಜೆ ರಿಪೋರ್ಟು ಕೈಗೆ ಬಂತು. ಡಾಕ್ಟ್ರಮ್ಮ ಸಿಗುವುದು ಸೋಮವಾರ. ಮಹದೇವು ರಸ್ತೆಬದಿಯಲ್ಲೇ ಲಕೋಟೆ ಒಡೆದ. ಇಂಗ್ಲಿಷಿನಲ್ಲಿ ಉದ್ದುದ್ದ ಪದಗಳು, ಒಂದೂ ಓದಲು ಬರಲಿಲ್ಲ. ನಡುವೆ ದಪ್ಪ ಅಕ್ಷರದಲ್ಲಿ ಟೈಪು ಮಾಡಿದ್ದ ಒಂದು ಪದ ಮಾತ್ರ ಅವನಿಗೆ ಗುರುತಿನದು: ನಿಲ್.

ಆ ಪದ ಗೊತ್ತಿಲ್ಲದಿದ್ದರೆ ಅವನು ನರ್ಸರಿಯ ಗುಮಾಸ್ತನೇ ಅಲ್ಲ. ಪ್ರತಿ ಗುರುವಾರ ಸೂಪರ್‌ವೈಸರು ಮಡಿ ಮಡಿ ಸುತ್ತಿ ಕೂಗಿ ಹೇಳುವುದು, ಇವನು ರಿಜಿಸ್ಟರಿನಲ್ಲಿ ತುಂಬುವುದು. ಎಲೆಚುಕ್ಕೆ, ನಿಲ್. ಬೂದಿರೋಗ, ನಿಲ್. ಬೇರುಗಂಟು, ನಿಲ್. ಸಾಲು ತುಂಬ ನಿಲ್ ಬಂದರೆ ಆ ಮಡಿ ಶುದ್ಧ, ಸಸಿ ಕಿತ್ತು ಮಾರಬಹುದು. ಅವತ್ತು ಎಲ್ಲರಿಗೂ ಟೀ. ಆರು ವರ್ಷದಲ್ಲಿ ಸಾವಿರ ಸಲವಾದರೂ ದುಂಡಗೆ ಬರೆದ ಪದ. ತನ್ನ ರಿಪೋರ್ಟಿನಲ್ಲೂ ಅದೇ ಬಂದಿದೆ. ದೋಷ ನಿಲ್. ಮಹದೇವು ಮಾರ್ಕೆಟ್ಟಿನಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು, ಸಿಳ್ಳೆ ಹಾಕುತ್ತಾ ಮನೆಗೆ ಬಂದ.

"ಏನಂತೆ?" ಎಂದಳು ಪುಟ್ಟಲಿಂಗಮ್ಮ, ಅವನು ಚಪ್ಪಲಿ ಬಿಡುವ ಮೊದಲೇ.

"ನಿಲ್ ಅವ್ವ. ನಿಲ್ ಅಂತ ಬರ್ದವ್ರೆ. ಏನೂ ದೋಷ ಇಲ್ಲ."

ಪುಟ್ಟಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪ್ರೇಮ ಮಲ್ಲಿಗೆ ಮುಡಿದುಕೊಂಡಳು. ಮಾರನೆಯ ದಿನ ಅವ್ವ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿ ಬಂದಳು. ಬರುವಾಗ ನಲ್ಲಿಯ ಹತ್ತಿರ ನಿಂತಿದ್ದವರಿಗೆಲ್ಲ, "ನನ್ ಮಗಂದು ನಿಲ್ ಬಂದದೆ ಕಣ್ರವ್ವ. ಇನ್ನು ಯಾರ್ದು ಅಂತ ನೀವೇ ತಿಳ್ಕಳಿ" ಎಂದು ಹೇಳಿದಳು. ಆ ಕೊನೆಯ ಮಾತು ಮಹದೇವುವಿನ ಕಿವಿಗೂ ಬಿತ್ತು. ಡಾಕ್ಟ್ರಮ್ಮ ಅವಳಿಗೂ ಏನಿಲ್ಲ ಅಂದರಲ್ಲ ಎಂದು ಹೇಳಬೇಕೆನಿಸಿತು. ಆದರೆ ಗೆದ್ದವರ ಕಡೆ ನಿಂತ ಸುಖ ಅವನಿಗೆ ಹೊಸದು. ಅದನ್ನು ಒಂದು ದಿನ ಇಟ್ಟುಕೊಳ್ಳೋಣ ಎಂದು ಸುಮ್ಮನಾದ.

ಸೋಮವಾರ ಡಾಕ್ಟ್ರಮ್ಮ ರಿಪೋರ್ಟನ್ನು ಮೇಜಿನ ಮೇಲೆ ಹರಡಿ, ಕನ್ನಡಕ ತೆಗೆದು ಕೆಳಗಿಟ್ಟರು.

"ಕೂತ್ಕೊಳ್ಳಪ್ಪ. ಇದರಲ್ಲಿ ಏನಿದೆ ಅಂತ ಗೊತ್ತಾಯ್ತಾ?"

"ನಿಲ್ ಅಂತ ಇದೆ ಮೇಡಂ. ದೋಷ ಏನಿಲ್ಲ ಅಂತ."

"ಇದು ದೋಷದ ಕಾಲಂ ಅಲ್ಲ. ಎಣಿಕೆಯ ಕಾಲಂ. ಮಗು ಆಗೋಕೆ ಗಂಡಸಿನಲ್ಲಿ ಜೀವಾಣು ಇರಬೇಕು, ಲಕ್ಷಗಟ್ಟಲೆ, ಕೋಟಿಗಟ್ಟಲೆ. ನಿಮ್ಮಲ್ಲಿ ಇಲ್ಲ."

"ಕಮ್ಮಿ ಇದಾವಾ?"

"ಇಲ್ಲ. ಒಂದೂ ಇಲ್ಲ."

"ಎಸ್ಸೆಸ್ಸೆಲ್ಸಿ ಗಣಿತದಲ್ಲೂ ನಂಗೆ ಸೊನ್ನೆ ಬಂದಿರ್ಲಿಲ್ಲ ಮೇಡಂ," ಎಂದ ಮಹದೇವು.

ಡಾಕ್ಟ್ರಮ್ಮ ನಗಲಿಲ್ಲ. ಮುಂದಿನ ವಾರ ಇನ್ನೊಂದು ಸಲ ಪರೀಕ್ಷೆ ಮಾಡಿಸಿದರು. ಅದರಲ್ಲೂ ಅದೇ ಪದ. "ಇದು ನಿಮ್ಮ ತಪ್ಪಲ್ಲ. ಆದ್ರೆ ಹೆಂಡ್ತಿಗೆ ನೀವೇ ಹೇಳ್ಬೇಕು, ಬೇರೆ ಯಾರೂ ಅಲ್ಲ. ಇಬ್ರೂ ಒಟ್ಟಿಗೆ ಬನ್ನಿ, ಮುಂದೇನು ಅಂತ ಮಾತಾಡೋಣ" ಎಂದರು. ಮಹದೇವು ತಲೆಯಾಡಿಸಿದ. ಎರಡೂ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು ಹೊರಬಂದ.

ಹೇಳುವುದಕ್ಕೇನು, ಒಂದೇ ವಾಕ್ಯ. ಬಸ್ಸಿನಲ್ಲಿ ದಿನಾಲೂ ಅವನು ಅದನ್ನು ಅಭ್ಯಾಸ ಮಾಡುತ್ತಿದ್ದ. ಕಷ್ಟವೇನೆಂದರೆ ಆ ವಾಕ್ಯ ಹೇಳುವ ಮೊದಲು, ಊರಿಗೆಲ್ಲ ಹಂಚಿದ್ದ ಎರಡಕ್ಷರವನ್ನು ವಾಪಸು ತೆಗೆದುಕೊಳ್ಳಬೇಕಿತ್ತು. ಅವ್ವ ಒಡೆಸಿದ ಕಾಯಿಯ ಚಟ್ನಿಯನ್ನು ಎಲ್ಲರೂ ತಿಂದು ಆಗಿತ್ತು. ಇವತ್ತು ಬೇಡ, ಹಬ್ಬ ಕಳೆಯಲಿ. ಹಬ್ಬ ಕಳೆಯಿತು, ಅವ್ವನ ಮಂಡಿನೋವು ಕಡಿಮೆಯಾಗಲಿ. ಹೀಗೆ ದಿನ ಹೋದ ಹಾಗೆ ಆ ವಾಕ್ಯ ಗಟ್ಟಿಯಾಗುತ್ತಾ ಹೋಯಿತು. ನಾಲ್ಕನೇ ತಿಂಗಳಿಗೆ ಅದನ್ನು ಅಗಿದರೆ ಹಲ್ಲು ಮುರಿಯುವ ಸ್ಥಿತಿ.

ಗಿಡ ಮಾತ್ರ ಇದಾವುದನ್ನೂ ಲೆಕ್ಕಿಸದೆ ಬೆಳೆಯಿತು. ದಸರಾ ಹೊತ್ತಿಗೆ ಕಾಂಪೌಂಡಿನ ಮೇಲಕ್ಕೆ ಬಂತು, ದೀಪಾವಳಿಗೆ ಬಟ್ಟೆ ಒಣಹಾಕುವ ತಂತಿಯನ್ನು ಮೀರಿತು. ಮೂರು ಕಡ್ಡಿ ಮೂವತ್ತು ಕೊಂಬೆಯಾಗಿ, ಒಗೆಯುವ ಕಲ್ಲಿಗೆ ಮಧ್ಯಾಹ್ನವೂ ನೆರಳು. ರುದ್ರಸ್ವಾಮಿಯವರೇ ಬಂದು ನೋಡಿ, "ಏನ್ರೀ ಇದು, ಗಿಡವೋ ದೆವ್ವವೋ?" ಎಂದು ಬೆರಗಾದರು. ಮಹದೇವು, "ಹೈಬ್ರಿಡ್ ಸ್ವಾಮಿ. ನನ್ನ ಹಾಗಲ್ಲ, ಜಾತಿ ಒಳ್ಳೇದು" ಎಂದ. ಪ್ರೇಮ ಕೊಡದಲ್ಲಿ ನೀರು ಹಿಡಿದು ನಿಂತಿದ್ದವಳು ಅವನ ಮುಖವನ್ನೇ ನೋಡುತ್ತಿದ್ದಳು. ಈಚೀಚೆಗೆ ಅವಳು ಹಾಗೆ ನೋಡುತ್ತಿದ್ದದ್ದು ಹೆಚ್ಚಾಗಿತ್ತು. ತನ್ನ ಹಾಸ್ಯವನ್ನು ಮೆಚ್ಚಿ ನೋಡುತ್ತಾಳೆ ಎಂದು ಅವನು ತಿಳಿದಿದ್ದ.

ಅಷ್ಟರಲ್ಲಿ ಅವ್ವನ ಮಾತಿಗೆ ಮೊನೆ ಬಂದಿತ್ತು. ಬೆಳಿಗ್ಗೆ ಕಾಫಿ ಆರಿದ್ದರೂ, ಸಾರಿಗೆ ಉಪ್ಪು ಹೆಚ್ಚಾದರೂ ಮಾತು ಸುತ್ತಿ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಪಕ್ಕದ ಬೀದಿಯ ಸೀಮಂತಕ್ಕೆ ಪ್ರೇಮ ಸೀರೆ ಉಟ್ಟು ಹೊರಟು ನಿಂತಾಗ, "ನೀ ಯಾಕವ್ವ ಅಲ್ಲಿಗೆ? ನಾ ಹೋಗ್ಬತ್ತೀನಿ ಬುಡು" ಎಂದು ಪುಟ್ಟಲಿಂಗಮ್ಮ ಕುಂಕುಮದ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡಳು. ಪ್ರೇಮ ಉಟ್ಟ ಸೀರೆಯನ್ನು ಬಿಚ್ಚಿ ಮಡಿಸಿಟ್ಟು, ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಹಾಕಿದಳು. ಮಹದೇವು ಪೇಪರು ಓದುತ್ತಿದ್ದ. ಒಂದೇ ಪುಟವನ್ನು ಬಹಳ ಹೊತ್ತು ಓದಿದ.

ಸಂಕ್ರಾಂತಿ ಕಳೆದ ಮೇಲೆ ಅವನು ಗಿಡದ ಎಲೆಯನ್ನೆಲ್ಲ ಕಿತ್ತು, ಕೊಂಬೆಗಳ ತುದಿ ಕತ್ತರಿಸಿದ. ಬೋಳು ಮಾಡಿದರೆ ಗಿಡ ಗಾಬರಿಬಿದ್ದು ಹೂ ಬಿಡುತ್ತದೆಂದು ನರ್ಸರಿಯಲ್ಲಿ ಕೇಳಿದ್ದ. ಎರಡೇ ವಾರ. ಕಣ್ಣು ಕಣ್ಣಿಗೂ ಚಿಗುರು, ಚಿಗುರಿನ ಬುಡದಲ್ಲೆಲ್ಲ ತಿಳಿಹಸಿರು ತೆನೆಗಳು, ಬೆರಳಿನ ಎರಡು ಗೆಣ್ಣಿನಷ್ಟುದ್ದ, ನೂರಾರು. ಪ್ರೇಮ ಅವನನ್ನು ನಿದ್ದೆಯಿಂದ ಎಬ್ಬಿಸಿ ಕರೆದುಕೊಂಡು ಹೋಗಿ ತೋರಿಸಿದಳು.

"ಕಾಯಿ ಕಚ್ಚಿದೆ ಅಲ್ವಾ ರೀ?"

"ಮತ್ತೆ. ಶಿವರಾತ್ರಿ ಅಂದಿದ್ನಲ್ಲ."

ಅವತ್ತು ಅವಳು ಬಹಳ ತಿಂಗಳ ಮೇಲೆ ನಕ್ಕಳು. ರುದ್ರಸ್ವಾಮಿಯವರ ಮೊಮ್ಮಗಳು ರಕ್ಷಿತಾಳಿಗೆ, "ಇನ್ನು ಹದಿನೈದು ದಿನ, ನಿಂಗೆ ಒಂದು ಬಟ್ಟಲು ತುಂಬ ಕೊಡ್ತೀನಿ" ಎಂದು ಮಾತು ಕೊಟ್ಟಳು.

ಹತ್ತು ದಿನದಲ್ಲಿ ತೆನೆಗಳು ಹಳದಿ ಪುಡಿ ಉದುರಿಸಿದವು, ಒಣಗಿದವು, ಒಂದೊಂದಾಗಿ ಬಿದ್ದವು. ಒಗೆಯುವ ಕಲ್ಲಿನ ಮೇಲೆಲ್ಲ ಸತ್ತ ಹುಳುಗಳ ಹಾಗೆ ಹರಡಿಕೊಂಡವು. ಒಂದು ಹಣ್ಣೂ ಆಗಲಿಲ್ಲ. ಪ್ರೇಮ ಪೊರಕೆ ಹಿಡಿದು ಗುಡಿಸುತ್ತಿದ್ದಾಗ ಪುಟ್ಟಲಿಂಗಮ್ಮ ಬಾಗಿಲಲ್ಲಿ ನಿಂತು, ಯಾರಿಗೂ ಅಲ್ಲವೆಂಬಂತೆ ಹೇಳಿದಳು.

"ಗಿಡ ಏನ್ ಮಾಡ್ತದೆ. ನೀರ್ ಹುಯ್ಯೋ ಕೈ ಎಂಗೋ, ಅಂಗೇ ಅದೂವೆ."

ಪೊರಕೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದ ಮಹದೇವುವಿಗೆ ಎಲ್ಲ ಕೇಳಿಸಿತು. ಬಾಯಿ ತುಂಬ ಪೇಸ್ಟಿನ ನೊರೆ ಇತ್ತು. ಆ ಕ್ಷಣದಲ್ಲಿ ಮಾತಾಡದಿರುವುದಕ್ಕೆ ಅದೂ ಒಂದು ಕಾರಣವಾಯಿತು.

ಅವನು ಕೆಳಗೆ ಬಿದ್ದಿದ್ದ ನಾಲ್ಕು ತೆನೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಮಂಟಯ್ಯನ ಮುಂದಿಟ್ಟ. ಮಂಟಯ್ಯ ಒಂದನ್ನು ಎತ್ತಿ ಉಗುರಿನಲ್ಲಿ ಕೆದಕಿ ನೋಡಿ, ಬೀಡಿ ತೆಗೆದು ನಕ್ಕ.

"ಎಲ್ಲೀದ್ಲಾ ಇದು?"

"ನಮ್ಮ ಹಿತ್ತಲದು. ಹದಿಮೂರು ನಂಬರು. ಹಣ್ಣಾಗದೆ ಎಲ್ಲ ಉದುರಿಹೋಯ್ತು ಮೇಸ್ತ್ರಿ."

"ಹಣ್ಣು ಎಲ್ಲಿಂದ ಬಂದದು? ಹದಿಮೂರು ಗಂಡು ಗಿಡ ಕಣೋ. ಇಪ್ನೇರಳೇಲಿ ಗಂಡೇ ಬ್ಯಾರೆ, ಹೆಣ್ಣೇ ಬ್ಯಾರೆ. ಇದು ಗಂಡು ಹೂವ. ಪುಡಿ ಉದುರುಸ್ತದೆ, ಬೀಳ್ತದೆ, ಆಯ್ತು. ಅದ್ಕೇ ಅಷ್ಟೊಂದು ಸೊಪ್ಪು. ನೀ ಜೇನುತುಪ್ಪ ಹುಯ್ದು ಸಾಕುದ್ರೂವೆ ಒಂದು ಹಣ್ಣು ಬುಡಾಕಿಲ್ಲ."

"ಯಾರೂ ಹೇಳ್ಲೇ ಇಲ್ವಲ್ಲ."

"ಯಾರ್ ಕೇಳುದ್ರು? ಮೂರು ತಿಂಗ್ಳಿಗೆ ಕಿತ್ತು ಮಾರ್ತೀವಿ. ಹೂ ಬುಡೋಗಂಟ ನಮ್ತಾವ ಇದ್ರೆ ತಾನೆ? ಹಣ್ಣು ಬೇಕು ಅಂದಿದ್ರೆ ನಾಟಿ ಕಡ್ಡಿ ಕೊಡ್ತಿದ್ನಲ್ಲೋ. ನೀ ಗುಮಾಸ್ತ, ನಮ್ನ್ಯಾಕೆ ಕೇಳಿಯೆ."

ಬಸ್ಸಿನಲ್ಲಿ ಬರುವಾಗ ಮಹದೇವುವಿಗೆ ವಿಚಿತ್ರವಾದ ಹುರುಪು. ಮನೆಗೆ ಹೋದವನೇ ಹೇಳಿಬಿಡಬೇಕು. ಗಿಡದಿಂದ ಶುರುಮಾಡಿ, ಅದರ ಹಿಂದೆಯೇ ಇನ್ನೊಂದನ್ನೂ ಹೇಳಿ ಮುಗಿಸಬೇಕು. ಗಿಡವೇ ದಾರಿ ಮಾಡಿಕೊಟ್ಟಿದೆ; ಇಷ್ಟು ಅನುಕೂಲ ಯಾವ ಗಂಡಿಗೂ ಸಿಕ್ಕಿರಲಾರದು.

ಅವ್ವ ಬತ್ತಿ ಹೊಸೆಯುತ್ತಿದ್ದಳು. ಪ್ರೇಮ ಹೊಸಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ಗಿಡದ ವಿಷಯ ಕೇಳ್ಕೊಂಡು ಬಂದೆ. ಅದು ಗಂಡು ಗಿಡವಂತೆ. ಯಾರು ನೀರು ಹಾಕಿದ್ರೂ ಹಣ್ಣು ಬಿಡಲ್ಲ. ಪ್ರೇಮಳ ಕೈಯದು ಏನೂ ತಪ್ಪಿಲ್ಲ."

"ಗಿಡದಲ್ಲೂ ಗಂಡು ಹೆಣ್ಣಾ? ಚೆಂದಾಗದೆ ನಿಮ್ ನರ್ಸರಿ."

"ಇದೆ ಅವ್ವ. ನಾನೇ ನೋಡ್ದೆ ತಂದ್ಬುಟ್ಟೆ."

ಪ್ರೇಮ ಸುಲಿಯುವುದನ್ನು ನಿಲ್ಲಿಸಿದಳು. ಕಾಳು ಅವಳ ಅಂಗೈಯಲ್ಲೇ ಇತ್ತು. ಗಂಡನನ್ನು ನೇರವಾಗಿ ನೋಡಿ ಕೇಳಿದಳು.

"ಗಿಡದ್ದು ಆಯ್ತು. ಇನ್ನೇನಾದ್ರೂ ಹೇಳೋದಿದೆಯಾ ನಿಮಗೆ?"

ಅವಳ ದನಿ ಮೆತ್ತಗಿತ್ತು. ಅವ್ವನೂ ಬತ್ತಿ ಬಿಟ್ಟು ತಲೆಯೆತ್ತಿದಳು. ವಾಕ್ಯ ಅವನ ಗಂಟಲಿನವರೆಗೆ ಬಂತು. ಬಂದದ್ದು ಅಲ್ಲೇ ತಿರುಗಿ, ಹೊರಗೆ ಬೀಳುವಾಗ ಬೇರೆಯೇ ಆಗಿತ್ತು.

"ಇದ್ದಿದ್ರೆ ರಿಜಿಸ್ಟರಲ್ಲಿ ಬರ್ಕೊಂಡು ಬರ್ತಿದ್ನಲ್ಲ," ಎಂದು ಅವನು ನಕ್ಕ.

ಪ್ರೇಮ ಕಾಳನ್ನು ಬಟ್ಟಲಿಗೆ ಹಾಕಿ, ಮುಂದಿನ ಕಾಯಿ ತೆಗೆದುಕೊಂಡಳು. ಆಮೇಲೆ ಅವನ ಕಡೆ ನೋಡಲಿಲ್ಲ.

ಯುಗಾದಿಗೆ ಮುಂಚೆ ಪುಟ್ಟಲಿಂಗಮ್ಮ ಮದ್ದೂರಿನ ಕಡೆಯ ಒಂದು ಹೆಣ್ಣಿನ ಮಾತೆತ್ತಿದಳು. ಇವಳು ಇರಲಿ, ಓಡಿಸು ಅನ್ನುತ್ತಿಲ್ಲ, ಅವಳೂ ಬರಲಿ ಎಂಬ ಧಾಟಿ. ಪ್ರೇಮ ಅಡುಗೆಮನೆಯಿಂದಲೇ ಕೇಳಿಸಿಕೊಂಡಳು. ಮಹದೇವು, "ಒಬ್ಳನ್ನ ಸಾಕೋಕೇ ಕೈಲಾಗ್ತಿಲ್ಲ, ಇನ್ನೊಬ್ಳಾ?" ಎಂದು ಮಾತು ಹಾರಿಸಿದ. ಎರಡು ದಿನ ಬಿಟ್ಟು ಪ್ರೇಮಳ ಅಪ್ಪ ಚನ್ನಬಸವಯ್ಯ ನಂಜನಗೂಡಿನ ಕಡೆಯಿಂದ ಬಂದರು. ಮಗಳು ಕಾಗದ ಬರೆದಿದ್ದಳು. ಆತ ಜಗಳವಾಡಲಿಲ್ಲ, ದನಿ ಎತ್ತಲಿಲ್ಲ. ಜಗಲಿಯ ತುದಿಯಲ್ಲಿ ಕೂತು ಕಾಫಿ ಕುಡಿದು, "ಹಬ್ಬಕ್ಕೆ ಕರ್ಕೊಂಡು ಹೋಗ್ತೀನಿ ಅಳಿಯಂದ್ರೇ. ನಾಲ್ಕು ದಿನ ಇದ್ದು ಬರ್ಲಿ" ಎಂ­ದರು. ಟ್ರಂಕು ನೋಡಿದರೆ ನಾಲ್ಕು ದಿನದ್ದಾಗಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಮಹದೇವುವೇ ಟ್ರಂಕು ಹೊತ್ತು ಹೋದ. ಮಾವ ಟಿಕೆಟಿನ ಸಾಲಿಗೆ ಹೋದಾಗ ಗಂಡ ಹೆಂಡತಿ ಇಬ್ಬರೇ ಉಳಿದರು. ಸುತ್ತ ಕಡಲೆಕಾಯಿ ಮಾರುವವರ ಕೂಗು.

"ಗಿಡಕ್ಕೆ ನೀರು ಹಾಕಿ," ಎಂದಳು ಪ್ರೇಮ.

"ಹಣ್ಣೇ ಬಿಡಲ್ಲ ಅಂತಾಯ್ತಲ್ಲ. ಯಾತಕ್ಕೆ?"

"ಅದೇನು ಬಿಡ್ತೀನಿ ಅಂತ ನಮಗೆ ಮಾತು ಕೊಟ್ಟಿತ್ತಾ? ಹಾಕಿ."

ಮಹದೇವು ಬಾಯಿ ತೆರೆದ. ಮಾವ ಟಿಕೆಟು ಹಿಡಿದು ಬಂದುಬಿಟ್ಟರು. ಬಸ್ಸು ಹೊರಟಿತು. ಅವಳು ಕಿಟಕಿಯಿಂದ ಕೈ ಆಡಿಸಲಿಲ್ಲ, ಮುಖವನ್ನೂ ತಿರುಗಿಸಿಕೊಳ್ಳಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನನ್ನೇ ನೋಡುತ್ತಿದ್ದಳು.

ನಾಲ್ಕು ದಿನ ನಾಲ್ಕು ತಿಂಗಳಾಯಿತು. ಅವನು ಎರಡು ಕಾಗದ ಬರೆದ. ಎರಡರಲ್ಲೂ ಮಳೆ, ಅವ್ವನ ಮಂಡಿ, ನರ್ಸರಿಯ ತಮಾಷೆ. ಉತ್ತರ ಬರಲಿಲ್ಲ. ಬೇರು ಚರಂಡಿಗೆ ಹೋಗುತ್ತಿದೆ ಎಂದು ರುದ್ರಸ್ವಾಮಿಯವರು ಗಿಡ ಕಡಿಯಲು ಹೇಳಿದರು. ಒಂದು ಭಾನುವಾರ ಮಚ್ಚು ಹಿಡಿದು ಬುಡಕ್ಕೆ ಕಡಿದ. ಮುಂದಿನ ಭಾನುವಾರದ ಹೊತ್ತಿಗೆ ಬುಡದ ಸುತ್ತ ಹತ್ತು ಚಿಗುರು ಎದ್ದಿದ್ದವು. ಕಡಿದಷ್ಟೂ ಚಿಗುರುವುದು ಆ ತಳಿಯ ಗುಣ. ಅದನ್ನು ನೋಡುತ್ತಾ ಒಗೆಯುವ ಕಲ್ಲಿನ ಮೇಲೆ ಕೂತಿದ್ದವನಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಒಂದು ತಮಾಷೆಯೂ ಸಿಗಲಿಲ್ಲ. ಎದ್ದು, ಅಂಗಿ ಹಾಕಿಕೊಂಡು, ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದ ರಿಪೋರ್ಟು ತೆಗೆದುಕೊಂಡು ನಂಜನಗೂಡಿನ ಬಸ್ಸು ಹತ್ತಿದ.

ಪ್ರೇಮ ಊರಿನ ಶಾಲೆಯ ಪಕ್ಕದ ಕೋಣೆಯಲ್ಲಿ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ಅವನನ್ನು ಕಂಡು ಯಂತ್ರದ ಗಾಲಿ ನಿಲ್ಲಿಸಿ ಹೊರಗೆ ಬಂದಳು. ಸ್ವಲ್ಪ ತೆಳ್ಳಗಾಗಿದ್ದಳು.

"ಪ್ರೇಮಾ, ಒಂದು ಮಾತು ಹೇಳ್ಬೇಕು. ಮಗು ಆಗ್ದೆ ಇದ್ದದ್ದು..." ಎಂದು ಅವನು ಕಾಗದ ಬಿಚ್ಚಿದ.

"ಗೊತ್ತು," ಎಂದಳು ಅವಳು.

ಅವನು ಕಾಗದವನ್ನು ಹಾಗೇ ಹಿಡಿದುಕೊಂಡು ನಿಂತ.

"ನಿಮ್ಮ ಅಂಗಿ ಒಗೀತಿದ್ದವಳು ನಾನೇ ಅಲ್ವಾ? ಗೌರಿ ಹಬ್ಬದ ಹಿಂದಿನ ದಿನ ಜೇಬಲ್ಲಿ ಸಿಕ್ತು. ಓದಿ, ಮಡಿಸಿ, ಅಲ್ಲೇ ಇಟ್ಟೆ. ಮಾರ್ನೇ ವಾರ ಡಾಕ್ಟ್ರಮ್ಮನ ಹತ್ರ ಹೋಗಿ ಕೇಳ್ಕೊಂಡೂ ಬಂದೆ."

"ಅಷ್ಟು ದಿನದಿಂದ ಗೊತ್ತಿದ್ದೂ ಸುಮ್ನಿದ್ಯಾ?"

"ನೀವು ಹೇಳ್ತೀರಿ ಅಂತ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ನಾನು ಹೇಳಿದ್ರೆ ಅತ್ತೆ ನಂಬ್ತಿದ್ರಾ? ನಂಬೋ ಮಾತು ನಿಮ್ಮದು." ಅವಳು ಬೆರಳಿಗೆ ಸುತ್ತಿಕೊಂಡಿದ್ದ ದಾರವನ್ನು ಬಿಚ್ಚಿದಳು. "ಮಗು ಇಲ್ದೆ ಇದ್ರೂ ನಂಗೆ ನಡೀತಿತ್ತು ಕಣ್ರೀ. ನಿಜವಾಗ್ಲೂ. ನೀವು ನಗಿಸ್ತಿದ್ರಿ, ಅಷ್ಟು ಸಾಕಿತ್ತು. ಆದ್ರೆ ನನ್ನ ಕೈಯಿಂದ ಕುಂಕುಮದ ಬಟ್ಟಲು ತಗೊಂಡಾಗ ನೀವು ಪೇಪರು ಓದ್ತಾ ಕೂತಿದ್ರಿ."

"ಈಗ ಹೇಳ್ತೀನಿ. ಅವ್ವಂಗೆ ಇವತ್ತೇ ಹೇಳ್ತೀನಿ. ಬಾ."

"ಹೇಳಿ. ಹೇಳ್ಬೇಕು ನೀವು." ಒಳಗಿಂದ ಯಾರೋ ಅವಳನ್ನು ಕರೆದರು. ಬಂದೆ ಎಂದು ಕೂಗಿ, ಇವನ ಕಡೆ ತಿರುಗಿದಳು. "ನಾನು ಬರಲ್ಲ. ಊಟ ಮಾಡ್ಕೊಂಡು ಹೋಗಿ, ಅಪ್ಪ ಮನೇಲಿದಾರೆ."

ಅವನು ಊಟ ಮಾಡಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಯಾಕಪ್ಪ ಕಣ್ಣೀರು ಹಾಕ್ತಿದೀಯಾ ಎಂದಾಗ, ಧೂಳು ಎಂದು ಹೇಳುವುದಕ್ಕೂ ಅವನಿಗೆ ತೋಚಲಿಲ್ಲ.

ಮನೆಗೆ ಬಂದಾಗ ಸಂಜೆ ನಾಲ್ಕೂವರೆ. ಪುಟ್ಟಲಿಂಗಮ್ಮ ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಹೊರಗೆ ರುದ್ರಸ್ವಾಮಿಯವರ ಸೊಸೆ ಸುಷ್ಮಾ ಬಟ್ಟೆ ಒಗೆಯುತ್ತಿದ್ದಳು. ಮಹದೇವು ಅವ್ವನ ಎದುರಿಗೆ ನೆಲದ ಮೇಲೆ ಕೂತ.

"ಅವ್ವ, ಮಕ್ಕಳಾಗದೆ ಇರೋದು ನನ್ನಿಂದ. ಪ್ರೇಮಳಿಂದ ಅಲ್ಲ. ಅವಳಿಗೆ ಏನೂ ಆಗಿಲ್ಲ, ಅವಳು ಸರಿಯಾಗಿದಾಳೆ. ನನಗೆ ಮಕ್ಕಳಾಗಲ್ಲ. ಎರಡು ಸಲ ಪರೀಕ್ಷೆ ಮಾಡಿ ಹೇಳಿದಾರೆ. ನನಗೆ ವರ್ಷದಿಂದ ಗೊತ್ತು."

ಪುಟ್ಟಲಿಂಗಮ್ಮನ ಬೆರಳುಗಳು ಅಕ್ಕಿಯ ಮೇಲೆ ನಿಂತವು. ಮಗನನ್ನು ನೋಡಿದಳು. ಆಮೇಲೆ ಕತ್ತು ಹೊರಳಿಸಿ ಹಿತ್ತಲ ಕಡೆ ನೋಡಿದಳು.

"ಮೆತ್ತಗ್ ಹೇಳು ಮಗ. ಸುಸ್ಮವ್ವ ಅಲ್ಲೇ ಅವ್ಳೆ."

"ಕೇಳಿಸ್ಲಿ."

"ಬ್ಯಾಡ ಕಣೋ. ಮದ್ದೂರ್ನೋರ್ಗೆ ಮಾತು ಕೊಟ್ಟಾಗದೆ."

ಹೊರಗೆ ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ನಿಂತಿತು. ಪುಟ್ಟಲಿಂಗಮ್ಮ ಮೊರ ಕೆಳಗಿಟ್ಟು, ನೋಯುವ ಮಂಡಿ ಹಿಡಿದುಕೊಂಡು ಎದ್ದು, ಹಿತ್ತಲ ಬಾಗಿಲು ಮುಚ್ಚಿ ಅಗಳಿ ಹಾಕಿದಳು. ಮಹದೇವು ಎದ್ದು ಹೋಗಿ ಅಗಳಿ ತೆಗೆದ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹೊಸಿಲ ಮೇಲೆ ನಿಂತು, ಮೊದಲಿನಿಂದ ಹೇಳಲು ಶುರುಮಾಡಿದ.